ಬೂಟಿನೊಳಗಿನ ಎಲೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ವೋರಿ ಕಿನ್ವಿಗ್‌ಳ ಅಡುಗೆಮನೆಯಲ್ಲಿ ಒಂದು ತಟ್ಟೆ ಇಡುವುದಕ್ಕೂ ಜಾಗ ಇರುತ್ತಿರಲಿಲ್ಲ. ಮೇಜಿನ ತುಂಬ ಹಳೆಯ ಪತ್ರಿಕೆಗಳು, ಪತ್ರಿಕೆಗಳ ಮಡಿಕೆಯಲ್ಲಿ ಒತ್ತಿಟ್ಟ ಎಲೆಗಳು, ಅವುಗಳ ಮೇಲೆ ಭಾರಕ್ಕೆಂದು ಇಸ್ತ್ರಿಪೆಟ್ಟಿಗೆ, ಬೈಬಲ್ಲು, ಎರಡು ಇಟ್ಟಿಗೆ. ಅವಳು ಹೊಗೆಗಿಟ್ಟ ಹೆರಿಂಗ್ ಮೀನಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮೆಟ್ಟಿಲಲ್ಲಿ ಕೂತು ಊಟ ಮುಗಿಸುತ್ತಿದ್ದಳು. ದಾರಿಹೋಕರು ಯಾರಾದರೂ ಕೇಳಿದರೆ, "ಒಳಗೆ ನೆಂಟರು ಬಂದಿದಾರೆ, ಜಾಗ ಇಲ್ಲ" ಅನ್ನುತ್ತಿದ್ದಳು.

ಆ ನೆಂಟರೆಂದರೆ ಬೊಲನ್ ಬೇನ್ ಗಿಡದ ಕುಡಿಗಳು. ಸೊಂಟದೆತ್ತರ ಬೆಳೆಯುವ ದಾರಿಬದಿಯ ಗಿಡ, ಮಾಚಿಪತ್ರೆಯ ಬಳಗದ್ದು. ಎಲೆಯ ಮೇಲ್ಗಡೆ ಹಸಿರು, ಮಗುಚಿದರೆ ಬೆಳ್ಳಿಯಂಥ ಬಿಳುಪು, ಉಜ್ಜಿದರೆ ಮೂಗಿಗೇರುವ ಕಹಿ ಘಾಟು. ಜುಲೈ ಐದು, ಇಂಗ್ಲೆಂಡಿನ ಪಕ್ಕದ ಮ್ಯಾನ್ ದ್ವೀಪದ ನಾಡಹಬ್ಬವಾದ ಟಿನ್ವಾಲ್ಡ್ ದಿನ, ಸೇಂಟ್ ಜಾನ್ಸ್ ಊರಿನ ದಿಬ್ಬದ ಮೇಲಿಂದ ಆ ವರ್ಷದ ಕಾನೂನುಗಳನ್ನು ಇಂಗ್ಲಿಷಿನಲ್ಲೂ ದ್ವೀಪದ ಹಳೆಯ ಭಾಷೆಯಲ್ಲೂ ಕೂಗಿ ಹೇಳುವಾಗ, ಕೆಳಗೆ ಹುಲ್ಲಿನ ಮೇಲೆ ನಿಂತ ದ್ವೀಪದವರ ಎದೆಯ ಮೇಲೆ ಈ ಎಲೆ ಇರಬೇಕು. ಹಿಂದೆಲ್ಲ ಕಾಣದೆ ಸುಳಿದಾಡುವ 'ಅವರ' ಕಣ್ಣು ಬೀಳದಿರಲಿ ಎಂದು ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಅವರು ಎಂದರೆ ಯಾರೆಂದು ದ್ವೀಪದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರ ಸೇತುವೆ ದಾಟುವಾಗ ಮೆಲ್ಲಗೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ, ಅಷ್ಟೆ.

ಈ ಎಲೆಯನ್ನು ಮಾರಬಾರದು. ಕೇಳಿದವರಿಗೆ ಕೊಡಬೇಕು. ವೋರಿ ಕೊಡುತ್ತಿದ್ದಳು, ಸಮುದ್ರದಾಚೆ ಇದ್ದವರಿಗೂ ಕೊಡುತ್ತಿದ್ದಳು. ಅದು ಶುರುವಾದದ್ದು ಒಂದು ಬೂಟಿನಿಂದ.

ಸಾವಿರದೊಂಬೈನೂರ ಐವತ್ತೇಳರ ಮೇ ತಿಂಗಳಲ್ಲಿ ವೋರಿಯ ಅಕ್ಕ ಮೋನಾ ಅಮೆರಿಕದ ಒಹಾಯೋಗೆ ಹೊರಟಳು. ದ್ವೀಪದ ಹಳೆಯ ಹೆಸರನ್ನೇ ಇಟ್ಟುಕೊಂಡ ಹುಡುಗಿ ದ್ವೀಪ ಬಿಟ್ಟು ಹೋಗುತ್ತಿದ್ದಾಳಲ್ಲ ಎಂದು ಅಪ್ಪ ಮೂರು ದಿನ ಮಾತು ಬಿಟ್ಟಿದ್ದ. ಡಗ್ಲಸ್‌ನ ಹಡಗುಕಟ್ಟೆಯಲ್ಲಿ ಅಮ್ಮ ಎಲ್ಲರ ಎದುರೇ ಮಂಡಿಯೂರಿ ಕೂತು ಮೋನಾಳ ಎಡಗಾಲಿನ ಬೂಟು ಬಿಚ್ಚಿಸಿದಳು. ಒಳಗೆ ಬೊಲನ್ ಬೇನಿನ ಒಂದು ಕುಡಿ ಇಟ್ಟು ಮತ್ತೆ ತೊಡಿಸಿದಳು. ದೂರ ನಡೆಯುವವರ ಬೂಟಿನಲ್ಲಿ ಆ ಎಲೆ ಇದ್ದರೆ ಕಾಲು ಸೋಲುವುದಿಲ್ಲ ಎಂಬುದು ಅವಳ ನಂಬಿಕೆ.

"ಅಮ್ಮಾ, ಕಚಗುಳಿ ಆಗ್ತಿದೆ" ಎಂದಳು ಮೋನಾ.

"ಆಗ್ಲಿ. ಕಚಗುಳಿ ಆದಾಗೆಲ್ಲ ಮನೆ ನೆನಪಾಗ್ತದೆ" ಎಂದಳು ಅಮ್ಮ.

ಆಮೇಲೆ ಪ್ರತಿ ವರ್ಷವೂ ಟಿನ್ವಾಲ್ಡ್ ದಿನಕ್ಕೆ ಮುಟ್ಟುವಂತೆ ಒಂದು ಒಣ ಕುಡಿ ಲಕೋಟೆಯಲ್ಲಿ ಒಹಾಯೋಗೆ ಹೋಯಿತು. ನಾಲ್ಕು ವರ್ಷ ಅಮ್ಮ ಕಳಿಸಿದಳು. ಐದನೆಯ ವರ್ಷದ ಚಳಿಗಾಲಕ್ಕೆ ಎದೆನೋವು ಹಿಡಿದು ಮಲಗಿದಳು, ಮತ್ತೆ ಏಳಲಿಲ್ಲ. ಮಲಗಿದವಳು ವೋರಿಯನ್ನು ಹತ್ತಿರ ಕರೆದು, ಅಪ್ಪನ ಊಟದ ಮಾತಾಗಲಿ ಕೋಳಿಗಳ ಮಾತಾಗಲಿ ಆಡಲಿಲ್ಲ. "ಮೋನಾಗೆ ಎಲೆ ತಪ್ಪಿಸ್ಬೇಡ. ಟಿನ್ವಾಲ್ಡ್ ದಿನ ಅವಳ ಎದೆ ಖಾಲಿ ಇರಬಾರ್ದು" ಎಂದಳು. ವೋರಿ ಆಗಲಿ ಎಂದಳು. ಆಗ ಅವಳಿಗೆ ಇಪ್ಪತ್ತೊಂದು.

ವೋರಿಯ ಫಾಕ್ಸ್‌ಡೇಲ್ ಗಣಿಯ ಊರು. ಸೀಸ ಮುಗಿದು ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಜನ ಸುತ್ತಿಗೆ ಹೆಗಲಿಗೇರಿಸಿಕೊಂಡು, ಭೂಮಿಯಲ್ಲಿ ಎಲ್ಲೆಲ್ಲಿ ಅಗೆಯುವ ಕೆಲಸವಿತ್ತೋ ಅಲ್ಲಿಗೆಲ್ಲ ಹೋದರು. ಆಸ್ಟ್ರೇಲಿಯಾ, ಕೆನಡಾ, ಆಫ್ರಿಕದ ತುದಿ. ವೋರಿ ಕೂತಿದ್ದು ಊರಿನ ಅಂಚೆ ಕಚೇರಿಯ ಕಿಟಕಿಯಲ್ಲಿ. ಹೋದವರ ಕಾಗದವೆಲ್ಲ ಅವಳ ಕೈಮೇಲೆಯೇ ಬರಬೇಕು. ಮೋನಾಳ ಎದೆಯ ಮೇಲಿನ ಎಲೆ ಕಂಡು ಒಹಾಯೋದ ಕ್ಯಾನೆಲ್ ಮನೆತನದವರೊಬ್ಬರು ತಮಗೂ ಒಂದು ಬೇಕೆಂದರು. ಅವರ ಸೋದರಸಂಬಂಧಿ ವಿನಿಪೆಗ್‌ನಿಂದ ಬರೆದ. ಅವನ ಅತ್ತೆ ನ್ಯೂಜಿಲೆಂಡಿನಿಂದ ಬರೆದಳು. ವೋರಿ ಯಾರಿಗೂ ಇಲ್ಲ ಎನ್ನಲಿಲ್ಲ. ಒಂದು ಲಕೋಟೆ ಹತ್ತಾಯಿತು, ಹತ್ತು ನೂರಾಯಿತು. ಅಂಚೆ ಕಚೇರಿ ಮುಚ್ಚಿ ಅವಳು ಮನೆ ಸೇರುವ ಹೊತ್ತಿಗೆ ಮುನ್ನೂರ ನಲವತ್ತು.

ಎಲೆಯ ಜೊತೆಗೆ ಒಂದು ಚೀಟಿಯೂ ಇರುತ್ತಿತ್ತು. ಅದರಲ್ಲಿ ದೊಡ್ಡ ಸುದ್ದಿ ಏನೂ ಇಲ್ಲ. ಯಾರ ಮನೆಯ ಬಾಗಿಲಿಗೆ ನೀಲಿ ಬಣ್ಣ ಬಳಿದರು, ಯಾವ ಹಸು ಪ್ರಾರ್ಥನೆಯ ಹೊತ್ತಿನಲ್ಲಿ ಚಾಪೆಲ್ಲಿನೊಳಗೆ ಹೊಕ್ಕಿತು, ಯಾರ ಹೊಲದ ಗೇಟು ಇನ್ನೂ ಕಿರುಗುಟ್ಟುತ್ತದೆ, ಇಷ್ಟೆ. ಆ ಗೇಟು ಕಿರುಗುಟ್ಟಿದ ಸುದ್ದಿ ಓದಿ ಜೊಹಾನ್ಸ್‌ಬರ್ಗಿನ ಒಬ್ಬ ಮುದುಕ, ಅದು ನನ್ನ ತಾತ ಮಾಡಿದ ಗೇಟು, ದಯವಿಟ್ಟು ಯಾರೂ ಎಣ್ಣೆ ಬಿಡಬೇಡಿ ಎಂದು ಬರೆದಿದ್ದ. ಕೆಲವರ ಲಕೋಟೆಯ ಮೇಲೆ ವಿಳಾಸ ಇಷ್ಟೇ ಇರುತ್ತಿತ್ತು: ವೋರಿ, ಎಲೆಯವಳು, ಮ್ಯಾನ್ ದ್ವೀಪ. ಒಂದೂ ತಪ್ಪಿಹೋಗಲಿಲ್ಲ.

ಹೀಗೆ ನಲವತ್ತೊಂದು ವರ್ಷ ನಡೆಯಿತು.

ನಲವತ್ತೆರಡನೆಯ ವರ್ಷ ನಡೆಯಲಿಲ್ಲ. ಅದರ ಹಿಂದಿನ ವರ್ಷ ಇಂಗ್ಲೆಂಡಿನಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂದಿತ್ತು. ದ್ವೀಪಕ್ಕೆ ರೋಗ ಬರಲಿಲ್ಲ, ಆದರೆ ಹೆಸರು ಬಂತು. ದೂರದ ದೇಶಗಳು ಈ ಕಡೆಯಿಂದ ಬರುವ ಹುಲ್ಲುಕಡ್ಡಿಯನ್ನೂ ಬಿಡಿಸಿ ನೋಡತೊಡಗಿದವು. ಜೂನ್ ಹದಿನಾಲ್ಕರ ಮಧ್ಯಾಹ್ನ ವೋರಿಯ ಫೋನು ಬಡಿದುಕೊಂಡಿತು.

"ನಿನ್ನ ಲಕೋಟೆ ಬಂತು ಕಣೇ ಹುಡುಗಿ" ಎಂದಳು ಮೋನಾ. ಅರವತ್ತೆರಡರ ತಂಗಿ ಅವಳಿಗೆ ಇನ್ನೂ ಹುಡುಗಿಯೇ.

"ಬಂತಲ್ಲ, ಸರಿ."

"ಲಕೋಟೆ ಬಂತು ಅಂದೆ. ಎಲೆ ಬಂತು ಅನ್ಲಿಲ್ಲ. ಯಾರೋ ಬಿಚ್ಚಿ, ಒಳಗೊಂದು ಅಚ್ಚಿನ ಚೀಟಿ ಹಾಕಿದಾರೆ. ಸಸ್ಯವಸ್ತು ತೆಗೆದು ನಾಶ ಮಾಡಿದೀವಿ ಅಂತ. ನಿನ್ನ ಕಾಗದ ಮಾತ್ರ ಬಿಟ್ಟಿದಾರೆ. ಕ್ಯೂಲಿ ಮನೆಯ ಬೆಕ್ಕಿಗೆ ಮರಿ ಆಯ್ತಂತಲ್ಲ, ಒಳ್ಳೇದಾಯ್ತು."

ಒಂದು ವಾರದೊಳಗೆ ಸಿಡ್ನಿಯಿಂದ, ಆಕ್ಲೆಂಡಿನಿಂದ, ವಿನಿಪೆಗ್‌ನಿಂದ ಅದೇ ಸುದ್ದಿ ಬಂತು. ತಪ್ಪು ಯಾರದೂ ಅಲ್ಲ. ಅವರವರ ಹೊಲ, ಅವರವರ ದನ, ಅವರವರ ಭಯ. ಆದರೆ ವೋರಿಗೆ ಊಟ ಸೇರಲಿಲ್ಲ. ಅಮ್ಮನಿಗೆ ಕೊಟ್ಟ ಮಾತು ನಲವತ್ತೊಂದು ವರ್ಷ ಉಳಿದು, ಇನ್ನು ಎರಡು ವಾರದಲ್ಲಿ ಮುರಿಯುವ ಹಾಗಿತ್ತು. ಮೋನಾಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ವಿಮಾನ ಹತ್ತುವಂತಿರಲಿಲ್ಲ. ಅದೂ ಅಲ್ಲದೆ ಆ ವರ್ಷ ಅಮೆರಿಕದ ಮ್ಯಾನ್ ಜನರೆಲ್ಲ ಸೇರುವುದು ಮೋನಾಳ ಊರಿನಲ್ಲೇ, ಸರೋವರದ ದಂಡೆಯ ಉದ್ಯಾನದಲ್ಲಿ. ನೂರಕ್ಕೂ ಮಿಕ್ಕಿ ಜನ, ಎಲ್ಲರದೂ ಖಾಲಿ ಎದೆ.

ಹೊರನಾಡಿನವರ ಸಂಘದ ಕಾರ್ಯದರ್ಶಿ ಫಿನ್ಲೊ ಕ್ವೇನ್ ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಬಂದ. ನಲವತ್ತರ ಆಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಡಬ್ಬಿಯಲ್ಲಿ ಹಸಿರು ಬಣ್ಣ ಹಾಕಿದ ಲೋಹದ ಎಲೆ, ಹಿಂದೆ ಪಿನ್ನು.

"ನೋಡಿ ವೋರಿ, ಮಾದರಿಗೆ ಅಂತ ಮಾಡಿಸಿದೀನಿ. ಸಾವಿರ ಬಿಲ್ಲೆ ಹತ್ತು ದಿನದಲ್ಲಿ ರೆಡಿ. ಯಾವ ದೇಶದವನೂ ತಡೆಯೋಹಾಗಿಲ್ಲ."

ವೋರಿ ಅದನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿದಳು. "ವಾಸನೆ ಇಲ್ಲವಲ್ಲೋ."

"ವಾಸನೆ ಇಲ್ಲ, ಒಪ್ಕೊಂಡೆ. ಆದ್ರೆ ಬಾಡೋದೂ ಇಲ್ಲ."

"ಬಾಡದೇ ಇರೋದನ್ನ ತಗೊಂಡು ನಾನೇನು ಮಾಡ್ಲಿ ಫಿನ್ಲೊ? ಹೋದ ವರ್ಷದ್ದು ಬಾಡಿತು ಅಂತ ತಾನೆ ಅವರು ಈ ವರ್ಷ ಮತ್ತೆ ಕಾಗದ ಬರೆಯೋದು? ನಿನ್ನ ಬಿಲ್ಲೆ ಕೊಟ್ರೆ ಡ್ರಾಯರಿನಲ್ಲಿ ಹಾಕಿ ನಮ್ಮನ್ನ ಮರೀತಾರೆ."

"ಹಾಗಾದ್ರೆ ನಿಮ್ಮ ಹತ್ರ ಬೇರೆ ದಾರಿ ಏನಿದೆ?"

"ಇನ್ನೂ ಏನೂ ಇಲ್ಲ."

"ನಾನು ದಾರಿ ತಂದ್ರೆ ಮೂಗು ಮುರೀತೀರಿ!"

"ನೀನು ಹುಟ್ಟಿದಾಗ ನಿನ್ನ ತೊಟ್ಟಿಲ ಪಾರ್ಸಲ್ ಬಂದದ್ದು ನನ್ನ ಕಿಟಕಿಗೆ. ರಸೀದಿ ಹರಿದು ಕೊಟ್ಟೋಳು ನಾನು. ನಿನ್ನ ಎದುರು ಮೂಗು ಮುರಿಯೋಕೆ ನನಗೆ ಹಕ್ಕಿದೆ. ಟೀ ಕುಡಿ."

ದಾರಿ ಸಿಕ್ಕಿದ್ದು ಬೇಲಿಯಾಚೆಯಿಂದ. ಪಕ್ಕದ ಮನೆಗೆ ಮೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಪಿಂಚ್‌ಬೆಕ್ ಎಂಬ ನಿವೃತ್ತ ಶಾಲಾಮಾಸ್ತರು ಇದ್ದರು. ಅವರ ತೋಟದಲ್ಲಿ ಈರುಳ್ಳಿ ಕೂಡ ಸಾಲಾಗಿ ನಿಂತು ಹಾಜರಿ ಹೇಳುವಂತಿರುತ್ತಿತ್ತು. ಮರುದಿನ ಬೆಳಿಗ್ಗೆ ಅವರು ಬೇಲಿಯ ಮೇಲಿಂದ ತಲೆ ಎತ್ತಿ ಮಣ್ಣಾದ ಬೇರಿನ ಗೊಂಚಲೊಂದನ್ನು ಅಲ್ಲಾಡಿಸಿದರು.

"ಮಿಸ್ ಕಿನ್ವಿಗ್, ನಿಮ್ಮ ಈ ಪವಿತ್ರ ಗಿಡ ಮತ್ತೆ ನನ್ನ ಈರುಳ್ಳಿ ಪಾತಿಗೆ ನುಗ್ಗಿದೆ."

"ಅದು ನಿಮಗಿಂತ ಮುಂಚೆ ಬಂದಿದ್ದು, ಮಿಸ್ಟರ್ ಪಿಂಚ್‌ಬೆಕ್. ನುಗ್ಗಿದ್ದು ಈರುಳ್ಳಿ."

"ಬೇರು ಬೆರಳುದ್ದ ಉಳಿದರೂ ಸಾಕು, ಮತ್ತೆ ಎದ್ದು ನಿಲ್ಲತ್ತೆ. ಪೆನ್ಸಿಲ್ವೇನಿಯಾದಲ್ಲಿ ನನ್ನ ಮಗಳಿದಾಳಲ್ಲ, ಅವಳ ಗಂಡನದೂ ಇದೇ ಗೋಳು. ಭಾನುವಾರ ಬಂದರೆ ಸಾಕು, ಇದನ್ನ ಕಿತ್ತು ಕಿತ್ತು ಪಾಪ ಅವನಿಗೆ ಸೊಂಟ ಹಿಡಿದಿದೆ."

ವೋರಿ ಕೈಯಲ್ಲಿದ್ದ ಕೆಟಲ್ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳಿ."

"ಅವನಿಗೆ ಸೊಂಟ ಹಿಡಿದಿದೆ ಅಂತ..."

"ಸೊಂಟ ಹಾಳಾಗ್ಲಿ! ಈ ಗಿಡ ಅಲ್ಲಿದೆಯಾ? ಅಮೆರಿಕದಲ್ಲಿ?"

"ಎಲ್ಲಿಲ್ಲ ಕೇಳಿ" ಎಂದರು ಮಾಸ್ತರು, ಪಾಠ ಹೇಳುವ ಹುರುಪಿನಲ್ಲಿ. "ಹಳೇ ಹಡಗುಗಳಲ್ಲಿ ಭಾರಕ್ಕೆ ಅಂತ ಮಣ್ಣು ತುಂಬ್ತಿದ್ದರಲ್ಲ, ಅದರ ಜೊತೆ ಹೋಯಿತು. ಬಿತ್ತನೆ ಕಾಳಿನ ಜೊತೆ ಹೋಯಿತು. ಜನ ಹೋದ ಕಡೆಗೆಲ್ಲ ಹೋಯಿತು. ಅರ್ಧ ಭೂಮಿಗೆ ಇದು ಕಳೆ, ಮಿಸ್ ಕಿನ್ವಿಗ್."

ವೋರಿ ಅವರ ಮಣ್ಣುಗೈಯನ್ನು ಬೇಲಿಯ ಮೇಲಿಂದಲೇ ಹಿಡಿದು ಕುಲುಕಿದಳು. ಮೂರು ವರ್ಷದಲ್ಲಿ ಅದೇ ಮೊದಲು. ಎಲೆ ಕಳಿಸುವುದೇ ಬೇಡ! ಅದು ಆಗಲೇ ಹೋಗಿ ಅಲ್ಲಿ ಕಾಯುತ್ತಿದೆ. ಎಲ್ಲಿದೆ ಎಂದು ಹೇಳಿದರೆ ಸಾಕು.

ಅಂದೇ ಫಿನ್ಲೊನ ಕಂಪ್ಯೂಟರಿನ ಎದುರು ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದಳು. ಅವನು ಟೈಪು ಮಾಡಿದ. "ಪ್ರಿಯರೇ, ಗಿಡ ನಿಮ್ಮ ಊರಲ್ಲೇ ಇದೆ. ಹೋಗಿ ಹುಡುಕಿ. ಕಲ್ಲುಮಣ್ಣಿನ ಬೇಲಿಯ ಬುಡದಲ್ಲಿ ನೋಡಿ. ಅಲ್ಲಿಲ್ಲದಿದ್ದರೆ ಚಾಪೆಲ್ಲಿನ ಹಿಂದೆ ಖಂಡಿತ ಇರುತ್ತದೆ." ಫಿನ್ಲೊ ಒಂದು ಗುಂಡಿ ಒತ್ತಿದ. ಮುನ್ನೂರ ನಲವತ್ತು ಮನೆಗೂ ಕಾಗದ ಒಂದೇ ಏಟಿಗೆ ಹೋಯಿತು. ನಲವತ್ತು ವರ್ಷ ಅಂಚೆಚೀಟಿ ನೆಕ್ಕಿ ಅಂಟಿಸಿದವಳಿಗೆ ಅದು ಯಾಕೋ ಮೋಸ ಮಾಡಿದ ಹಾಗೆ ಅನಿಸಿತು.

ಐದನೆಯ ದಿನ ಮೋನಾಳ ಫೋನು.

"ವೋರಿ, ನಾವು ಹನ್ನೊಂದು ಜನ ಹೋಗಿದ್ವಿ. ನೀನು ಹೇಳಿದ ಹಾಗೇ, ಮೆಥಡಿಸ್ಟ್ ಚಾಪೆಲ್ಲಿನ ಹಿಂದೆ."

"ಸಿಕ್ತಾ?"

"ಸಿಕ್ತು. ಕತ್ತರಿಸಿದ ಹಾಗಿರೋ ಎಲೆ, ಒಳ್ಳೇ ಘಮ. ಎರಡು ಬುಟ್ಟಿ ತುಂಬ ಕೊಯ್ಕೊಂಡು ಬಂದ್ವಿ. ಸಂಜೆ ಪಾದ್ರಿಯ ಹೆಂಡ್ತಿ ಬಂದು ನನ್ನ ವರಾಂಡದಲ್ಲಿ ನಿಂತು ಅತ್ತುಬಿಟ್ಳು ಕಣೇ. ಅದು ಅವಳ ಸೇವಂತಿಗೆ. ಸ್ಪರ್ಧೆಗೆ ಅಂತ ಬೆಳೆಸಿದ್ದು. ಒಂದರ ತಲೆಯೂ ಉಳಿದಿಲ್ಲ."

"ಎಲೆ ಮಗುಚಿ ನೋಡ್ಲಿಲ್ವಾ? ಕೆಳಗೆ ಬೆಳ್ಳಿಬಿಳುಪು ಇರ್ಬೇಕು!"

"ಮಗುಚಿ ಅಂತ ನೀನು ಬರೆದಿದ್ದೀಯಾ?"

ಬರೆದಿರಲಿಲ್ಲ. ಫಾಕ್ಸ್‌ಡೇಲಿನಲ್ಲಿ ಆ ಗಿಡ ಹೀಗಿರುತ್ತದೆ ಎಂದು ಯಾರಿಗೆ ಯಾರು ಹೇಳಬೇಕು? ಚಾಪೆಲ್ಲಿನ ಹಿಂದೆ ಎಂದರೆ ಅದೇ ಗಿಡ ಎಂದೇ ಅವಳೂ ಫಿನ್ಲೊನೂ ತಿಳಿದುಬಿಟ್ಟಿದ್ದರು. ಭೂಮಿಯಲ್ಲಿರುವ ಚಾಪೆಲ್ಲುಗಳೆಲ್ಲ ಫಾಕ್ಸ್‌ಡೇಲಿನ ಚಾಪೆಲ್ಲೇ ಎನ್ನುವ ಹಾಗೆ. ದಾರಿ ಕೇಳಿದವರಿಗೆ "ಹಿಂದೆ ಅಂಗಡಿ ಇತ್ತಲ್ಲ, ಅಲ್ಲಿ ತಿರುಗಿ" ಎನ್ನುವ ಜನವೇ ಇವರು.

"ನನಗಂತೂ ನಲವತ್ತೈದು ವರ್ಷ ಒಣಗಿದ್ದೇ ಬಂದಿದ್ದು" ಎಂದಳು ಮೋನಾ. "ಹಸಿ ಗಿಡ ಹೇಗಿತ್ತು ಅಂತಲೇ ಮರೆತೆ. ಬಿಡೇ ಹುಡುಗಿ. ಒಂದು ವರ್ಷ ಇಲ್ಲದಿದ್ರೆ ಅಮ್ಮ ಏನೂ ಅಂದ್ಕೊಳಲ್ಲ."

"ನಾನು ಅಂದ್ಕೋತೀನಿ" ಎಂದು ವೋರಿ ಫೋನು ಇಟ್ಟಳು.

ಮರುದಿನ ಅವಳು ಬುತ್ತಿ ಕಟ್ಟಿಕೊಂಡು ಹೊರಟಳು. ಹಿಂದೆ ರೈಲು ಓಡುತ್ತಿದ್ದ, ಈಗ ಬರೀ ಕಾಲುದಾರಿಯಾಗಿರುವ ಹಾದಿಯಲ್ಲಿ ಸೇಂಟ್ ಜಾನ್ಸ್ ಕಡೆಗೆ ನಡೆದಳು. ಐವತ್ತು ವರ್ಷ ಕಿತ್ತ ಗಿಡ ಅದು. ಎದುರಿಗೆ ಕೂತು ನೋಡಿದ್ದು ಆ ದಿನವೇ. ಬೆಳಿಗ್ಗೆಯೆಲ್ಲ ಸುಮ್ಮನೆ ನೋಡಿದಳು. ಉತ್ತು ಬಿತ್ತಿದ ಹೊಲದಲ್ಲಿ ಅದು ಇರಲಿಲ್ಲ. ಕಾಡಿನ ನೆರಳಲ್ಲೂ ಇರಲಿಲ್ಲ. ಬಾಯಿಗೆ ಬನಗ್ ರೊಟ್ಟಿಯ ತುಂಡು ಹಾಕಿಕೊಂಡು ಲೆಕ್ಕ ಹಾಕುತ್ತ ಹೋದಳು: ಇದು ಹಳೆಯ ರೈಲಿನ ಬೂದಿಯ ಮೇಲೆ ನಿಂತಿದೆ. ಅಲ್ಲೊಂದು ಗಣಿಯವರು ಸುರಿದ ಕಲ್ಲುರಾಶಿಯ ಅಂಚಿನಲ್ಲಿ. ಇನ್ನೊಂದು ಚಾವಣಿ ಬಿದ್ದ ಮನೆಯ ಹಿತ್ತಿಲಲ್ಲಿ. ಚಾಪೆಲ್ಲಿನ ಹಿಂದೆಯೂ ಅಷ್ಟೆ, ಹಳೆಯ ಒಲೆಯ ಬೂದಿ ಸುರಿದ ಜಾಗದಲ್ಲಿ. ಎಲ್ಲ ಕಡೆಯೂ ಒಂದೇ ಸಂಗತಿ. ಮನುಷ್ಯ ಅಗೆದು, ದುಡಿದು, ಬಿಟ್ಟುಹೋದ ನೆಲ.

ಬಿಟ್ಟುಹೋದವರ ಗಿಡವಲ್ಲವೇ ಇದು, ಎಂದುಕೊಂಡಳು ವೋರಿ. ಎದ್ದಾಗ ಮಂಡಿ ಹಿಡಿದಿತ್ತು, ಮನಸ್ಸು ಹಗುರವಾಗಿತ್ತು.

ಎರಡನೆಯ ಕಾಗದವನ್ನು ಅವಳು ಮೊದಲು ಪಿಂಚ್‌ಬೆಕ್ ಮಾಸ್ತರಿಗೆ ಓದಿ ಹೇಳಿದಳು. ಫಾಕ್ಸ್‌ಡೇಲ್ ಗೊತ್ತಿಲ್ಲದವರಿಗೆ ಅರ್ಥವಾದರೆ ಎಲ್ಲರಿಗೂ ಅರ್ಥವಾದೀತು ಎಂಬುದು ಅವಳ ಲೆಕ್ಕ. ಮಾಸ್ತರು ಎರಡು ಕಡೆ ಕೆಂಪು ಗುರುತು ಹಾಕಿ ಸರಿಮಾಡಿಸಿದರು. ಕಾಗದ ಹೀಗಿತ್ತು:

"ಪಾದ್ರಿಯ ಹೆಂಡತಿಗೆ ನನ್ನ ಕ್ಷಮೆ ತಿಳಿಸಿ. ನೀವು ಚೆಂದದ ತೋಟದಲ್ಲಿ ಹುಡುಕಬೇಡಿ. ನಿಮ್ಮ ಊರಿನಲ್ಲಿ ಹಿಂದೆ ಜನ ಬೆವರು ಸುರಿಸಿ, ಈಗ ಯಾರೂ ಹೋಗದ ಜಾಗ ಯಾವುದಿದೆ? ಹಳೆಯ ರೈಲುಹಾದಿ, ಮುಚ್ಚಿದ ಕಾರ್ಖಾನೆಯ ಹಿಂಬದಿ, ಹಡಗುಕಟ್ಟೆಯ ಕೊನೆ. ಅಲ್ಲಿಗೆ ಹೋಗಿ. ಸೊಂಟದೆತ್ತರ, ಕಾಂಡ ತುಸು ಕೆಂಪು. ಒಂದು ಎಲೆ ಮಗುಚಿ. ಕೆಳಗೆ ಬೆಳ್ಳಿಬಿಳುಪು ಇರದಿದ್ದರೆ ಅದು ನಮ್ಮದಲ್ಲ, ಬಿಟ್ಟುಬಿಡಿ. ಬಿಳುಪಿದ್ದರೆ ಉಜ್ಜಿ ಮೂಸಿ. ಅಜ್ಜಿಯ ಮನೆ ನೆನಪಾದರೆ ಅದೇ."

ಉತ್ತರಗಳು ಬರತೊಡಗಿದವು. ವಿನಿಪೆಗ್‌ನವರಿಗೆ ಪೆಟ್ರೋಲ್ ಬಂಕಿನ ಹಿಂದೆ ಸಿಕ್ಕಿತು. ಟೊರಾಂಟೊದ ಇಬ್ಬರು ಅಕ್ಕತಂಗಿಯರಿಗೆ ಮುರಿದ ಸೇತುವೆಯ ಕೆಳಗೆ ಸಿಕ್ಕಿತು. ಬೇಲಿ ಹಾರುವಾಗ ಒಬ್ಬಳ ಲಂಗ ಹರಿಯಿತಂತೆ, ಎಪ್ಪತ್ತೆಂಟು ವರ್ಷದವಳು. ಆಸ್ಟ್ರೇಲಿಯಾದ ಗಣಿಯೂರಿನಿಂದ ಕಾರ್ಕಿಲ್ ಎಂಬುವನು ಫೋನು ಮಾಡಿದ.

"ವೋರಿ, ಇಲ್ಲೀಗ ಚಳಿಗಾಲ. ಗಿಡ ಸಿಕ್ತು, ಆದ್ರೆ ಬರೀ ಒಣಕಡ್ಡಿ. ಎರಡು ಎಲೆ ಮುರುಟಿಕೊಂಡು ನೇತಾಡ್ತಿದೆ."

"ಆ ಎಲೆ ಮಗುಚು."

"ಮಗುಚಿದೆ. ಬಿಳಿ."

"ಕಡ್ಡೀನೇ ಸಿಕ್ಕಿಸ್ಕೋ. ನಲವತ್ತು ವರ್ಷ ನಾನು ಒಣಗಿದ್ದೇ ತಾನೆ ಕಳಿಸಿದ್ದು?"

ಫಿನ್ಲೊ ಬಂದ ಉತ್ತರಗಳನ್ನೆಲ್ಲ ಅಚ್ಚು ಹಾಕಿ ತಂದು ಕೊಟ್ಟ. ವೋರಿ ಗೋಡೆಯ ಮೇಲಿನ ಭೂಪಟದಲ್ಲಿ ಒಂದೊಂದೇ ಗುಂಡುಸೂಜಿ ಚುಚ್ಚಿದಳು. ಇನ್ನೂರು ದಾಟಿತು. ಒಹಾಯೋದ ಮೇಲೆ ಮಾತ್ರ ಸೂಜಿ ಇಲ್ಲ. ಜುಲೈ ನಾಲ್ಕರ ಮಧ್ಯಾಹ್ನ ಅವಳೇ ಫೋನು ಮಾಡಿದಳು.

"ಏನೂ ಇಲ್ಲ ಕಣೇ" ಎಂದಳು ಮೋನಾ. ದನಿಯಲ್ಲಿ ದಣಿವಿತ್ತು. "ಊರೆಲ್ಲ ತಲೆ ಬೋಳಿಸಿದ ಹಾಗೆ ಹುಲ್ಲು ಕತ್ತರಿಸಿಟ್ಟಿದಾರೆ. ಕಾರ್ಖಾನೆ ಹಿಂದೆ ನೋಡಿದ್ವಿ, ಮೇಲೆಲ್ಲ ಡಾಂಬರು. ನಾಳೆ ನೂರಿಪ್ಪತ್ತು ಜನ ಬರ್ತಾರೆ. ನಾನು ಯಾವ ಮುಖ ಹೊತ್ಕೊಂಡು ನಿಲ್ಲಲಿ?"

ವೋರಿ ಭೂಪಟದ ಮೇಲಿನ ಒಹಾಯೋವನ್ನು ಬೆರಳಲ್ಲಿ ಮುಟ್ಟಿದಳು. "ಮೋನಾ, ನೀನು ಮೊದಲು ಹೋದಾಗ ಎಲ್ಲಿದ್ದೆ?"

"ಬಾಡಿಗೆ ಕೋಣೇಲಿ. ರೈಲುಯಾರ್ಡಿನ ಹಿಂದೆ. ಅದನ್ನ ಯಾವತ್ತೋ ಕೆಡವಿದಾರೆ."

"ಕೆಡವಿದ ಮೇಲೆ ಏನು ಕಟ್ಟಿದ್ರು?"

"ಏನೂ ಕಟ್ಟಿಲ್ಲ. ಯಾರ್ಡೂ ಮುಚ್ಚಿತು. ಅಲ್ಲಿಗೆ ಯಾರು ಹೋಗ್ತಾರೆ ಈಗ..." ಮೋನಾ ತಟ್ಟನೆ ಮಾತು ನಿಲ್ಲಿಸಿದಳು.

"ಡ್ವೈಟ್‌ಗೆ ಕಾರು ತೆಗೆಯೋಕೆ ಹೇಳು" ಎಂದಳು ವೋರಿ. ಡ್ವೈಟ್ ಎಂದರೆ ಮೋನಾಳ ಗಂಡ.

"ಇವತ್ತು ಇಲ್ಲಿ ಸ್ವಾತಂತ್ರ್ಯದ ಹಬ್ಬ! ಬೀದಿ ತುಂಬ ಬ್ಯಾಂಡು, ಮೆರವಣಿಗೆ. ಕಾರು ಅಲ್ಲಾಡೋ ಹಾಗಿಲ್ಲ."

"ಹಾಗಾದ್ರೆ ನಡೀರಿ."

"ಈ ಸೊಂಟ ಇಟ್ಕೊಂಡಾ?"

"ಊರುಗೋಲು ಇದೆಯಲ್ಲ. ಅಮ್ಮ ಬೂಟಿಗೆ ಎಲೆ ಇಟ್ಟದ್ದು ಯಾತಕ್ಕೆ?"

ಆ ಕಡೆಯಿಂದ ಫೋನಿಟ್ಟ ಸದ್ದು ಬಂತು. ಸಿಟ್ಟಿನಿಂದ ಇಟ್ಟಳೋ ಹೊರಡಲಿಕ್ಕೆಂದು ಇಟ್ಟಳೋ ವೋರಿಗೆ ತಿಳಿಯಲಿಲ್ಲ.

ಟಿನ್ವಾಲ್ಡ್ ದಿನ ಬಿಸಿಲು ಕಾಯಿತು. ಸೇಂಟ್ ಜಾನ್ಸ್‌ನ ಚಾಪೆಲ್ಲಿನಿಂದ ದಿಬ್ಬದವರೆಗಿನ ದಾರಿಯ ಮೇಲೆ ಜೊಂಡುಹುಲ್ಲು ಹಾಸಿದ್ದರು. ಗಾಳಿಗೆ ದ್ವೀಪದ ಕೆಂಪು ಬಾವುಟ, ಮೂರು ಕಾಲಿನ ಗುರುತಿನದು, ಪಟಪಟ ಹೊಡೆದುಕೊಳ್ಳುತ್ತಿತ್ತು. ವೋರಿ ಪ್ರತಿ ವರ್ಷದಂತೆ ಬಯಲಿನ ಗೇಟಿನಲ್ಲಿ ಬುಟ್ಟಿ ಹಿಡಿದು ನಿಂತು ಬಂದವರಿಗೆಲ್ಲ ಕುಡಿ ಕೊಡುತ್ತಿದ್ದಳು. ಬಾಯಿ ನಗುತ್ತಿತ್ತು, ಜೀವವೆಲ್ಲ ಪಕ್ಕದಲ್ಲಿ ನಿಂತ ಫಿನ್ಲೊನ ಜೇಬಿನಲ್ಲಿತ್ತು. ಅವನ ಮೊಬೈಲ್ ಫೋನು ಅಲ್ಲಿತ್ತು. ಅವನ ಕೋಟಿನ ಮೇಲೆ ಹಸಿರು ಬಿಲ್ಲೆ ಮಿಂಚುತ್ತಿತ್ತು.

"ರಿಂಗಾಯ್ತಾ?"

"ಆಗಿಲ್ಲ ವೋರಿ."

"ಅದು ಸತ್ತಿಲ್ಲ ತಾನೆ?"

"ಬದುಕಿದೆ. ಹತ್ತು ನಿಮಿಷಕ್ಕೊಮ್ಮೆ ನಾಡಿ ನೋಡ್ತಿದೀನಿ."

ಹತ್ತೂವರೆಗೆಲ್ಲ ಬುಟ್ಟಿ ಖಾಲಿಯಾಯಿತು. ಆ ವರ್ಷ ಜನ ಹೆಚ್ಚು. ಅಷ್ಟರಲ್ಲಿ ಜನರ ನಡುವೆ ದಾರಿ ಬಿಡಿಸಿಕೊಂಡು ಪಿಂಚ್‌ಬೆಕ್ ಮಾಸ್ತರು ತಳ್ಳುಗಾಡಿ ನೂಕುತ್ತ ಬಂದರು. ಗಾಡಿಯ ತುಂಬ ಅವರ ತೋಟದಲ್ಲಿ ಕಿತ್ತ 'ಕಳೆ'. ಬೇರು ಕತ್ತರಿಸಿ, ತೊಳೆದು, ಒಂದೇ ಅಳತೆಗೆ ಸವರಿ ಕಟ್ಟು ಕಟ್ಟಿದ್ದರು.

"ಮಾಸ್ತರೇ, ನೀವೇ ಬೆಳೆಸಿದ್ದಾ?" ಎಂದು ಫಿನ್ಲೊ ಕೆಣಕಿದ.

"ಬೆಳೆಸಿದ್ದಲ್ಲ. ಸೋತದ್ದು" ಎಂದರು ಅವರು. ವೋರಿ ಮೊದಲ ಕುಡಿಯನ್ನು ಅವರ ಕೋಟಿಗೇ ಸಿಕ್ಕಿಸಿದಳು. ಅವರು ಬೆನ್ನು ನೆಟ್ಟಗೆ ಮಾಡಿ ನಿಂತರು.

ಹನ್ನೆರಡು ಗಂಟೆಗೆ ಮೆರವಣಿಗೆ ಜೊಂಡಿನ ಮೇಲೆ ನಡೆದು ದಿಬ್ಬ ಸೇರಿತು. ಆಗ ಫೋನು ಬಡಿಯಿತು. ಒಹಾಯೋದಲ್ಲಿ ಆಗ ಬೆಳಗಿನ ಏಳು; ಇಲ್ಲಿ ಕಾನೂನು ಓದುವ ಹೊತ್ತಿಗೆ ಸರಿಯಾಗಿ ಅಲ್ಲಿಯವರೂ ಸೇರುವುದು ವಾಡಿಕೆ. ಫಿನ್ಲೊ ಅದನ್ನು ಬಿಸಿ ಆಲೂಗಡ್ಡೆ ಕೊಡುವಂತೆ ವೋರಿಯ ಕೈಗಿಟ್ಟ.

"ಮಗುಚಿದೆ ಕಣೇ" ಎಂದಳು ಮೋನಾ. ಹಲೋ ಇಲ್ಲ, ಏನಿಲ್ಲ.

"ಬಿಳಿ?"

"ಹಿಟ್ಟು ಚೆಲ್ಲಿದ ಹಾಗೆ ಬಿಳಿ! ನಿನ್ನೆ ನಡ್ಕೊಂಡೇ ಹೋದ್ವಿ ಹುಡುಗಿ, ಮೆರವಣಿಗೆ ನಡುವೇನೇ. ಬ್ಯಾಂಡಿನವರು ನಾವೂ ಮೆರವಣಿಗೆಯವರೇ ಅಂದ್ಕೊಂಡು ದಾರಿ ಬಿಟ್ರು. ಡ್ವೈಟ್ ಬಕೆಟ್ಟು ಹಿಡ್ಕೊಂಡು, ನಾನು ಊರುಗೋಲು ಹಿಡ್ಕೊಂಡು. ಯಾರ್ಡಿನ ಹಿಂದೆ ತಿರುಗಿದ್ರೆ, ಏನು ಹೇಳ್ಲಿ ನಿನಗೆ, ಒಂದು ಎಕರೆ! ನನ್ನ ಎದೆಮಟ್ಟ. ನಾನಿದ್ದ ಕೋಣೆಯ ಮೆಟ್ಟಿಲು ಇನ್ನೂ ಇದೆ, ಅದರ ಸುತ್ತಾನೂ ಅದೇ. ಉಜ್ಜಿದೆ, ಮೂಸಿದೆ, ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡುಬಿಟ್ಟೆ. ಡ್ವೈಟ್ ಹೆದರಿ ಸೊಂಟ ಹೋಯ್ತೇನೋ ಅಂದ್ಕೊಂಡ. ಮನೆ ಮುಟ್ಟಿದಾಗ ನಿನಗೆ ನಡುರಾತ್ರಿ, ಎಬ್ಬಿಸ್ಲಿಲ್ಲ."

"ಎಷ್ಟು ಜನ ಇದೀರಿ?"

"ನೂರಿಪ್ಪತ್ತೇಳು. ಎಲ್ಲರ ಎದೆ ಮೇಲೂ ಇದೆ. ಪಾದ್ರಿಯ ಹೆಂಡ್ತಿ ಎದೆ ಮೇಲೂ. ಕೇಳು, ಆ ಗಿಡ ನಾನು ತಂದದ್ದು. ಬಂದ ದಿನ ಆ ಮೆಟ್ಟಿಲ ಮೇಲೇ ಕೂತು ಬೂಟು ಕೊಡವಿದ್ದೆ, ಈಗ ನೆನಪಾಯ್ತು. ಅದು ಅಮ್ಮ ಇಟ್ಟ ಎಲೆಯಿಂದ ಎದ್ದದ್ದು."

"ಮೇ ತಿಂಗಳ ಕುಡೀಲಿ ಬೀಜ ಎಲ್ಲಿಂದ ಬರ್ಬೇಕು ಮೋನಾ? ಅದು ನಿನಗಿಂತ ನೂರು ವರ್ಷ ಮುಂಚೆ..."

"ನಿನಗೆ ಆ ಮಾಸ್ತರು ಪಾಠ ಹೇಳಿದಾರಾ? ಸುಮ್ನಿರು. ಅಮ್ಮ ಇಟ್ಟದ್ದು ಅದು."

ನಲವತ್ತು ವರ್ಷ ಅಂಚೆಯ ಕಿಟಕಿಯಲ್ಲಿ ಕೂತು ಒಂದು ವಾದದಲ್ಲೂ ಸೋತವಳಲ್ಲ ವೋರಿ. ದಿಬ್ಬದ ಮೇಲೆ ಕಾನೂನು ಓದುವ ದನಿ ಎದ್ದಿತು, ಇಂಗ್ಲಿಷಿನ ಬೆನ್ನಿಗೇ ಹಳೆಯ ಭಾಷೆಯಲ್ಲಿ. ಅವಳು ಫೋನನ್ನು ಆ ಕಡೆಗೆ ಎತ್ತಿ ಹಿಡಿದಳು, ಮೋನಾಗೂ ಕೇಳಲಿ ಎಂದು. ಆಮೇಲೆ ಕಿವಿಗಿಟ್ಟುಕೊಂಡಾಗ ಆ ಕಡೆ ಯಾರೋ ಮೂಗು ಒರೆಸಿಕೊಳ್ಳುತ್ತಿದ್ದರು, ಅದರ ಹಿಂದೆ ನೂರಿಪ್ಪತ್ತೇಳು ಜನ ಉಸಿರು ಹಿಡಿದು ನಿಂತ ನಿಶ್ಶಬ್ದ.

"ಹೌದು ಮೋನಾ" ಎಂದಳು. "ಅಮ್ಮ ಇಟ್ಟದ್ದೇ."

ಫೋನು ಮರಳಿಸುವಾಗ ನೋಡಿದರೆ ಫಿನ್ಲೊ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ತಳ್ಳುಗಾಡಿಯಿಂದ ಒಂದು ಕುಡಿ ಆರಿಸುತ್ತಿದ್ದ. "ಏನೂ ಹೇಳ್ಬೇಡಿ" ಎಂದ. ವೋರಿ ಮೂಗನ್ನು ಮಾತ್ರ ಚೂರು ಮುರಿದಳು.

ಮರುವರ್ಷ ಮೇ ತಿಂಗಳಲ್ಲಿ ಅವಳ ಅಡುಗೆಮನೆಯ ಮೇಜಿನ ಮೇಲೆ ಎಲೆಗಳಿರಲಿಲ್ಲ. ಹಾಗೆಂದು ಜಾಗವೂ ಇರಲಿಲ್ಲ. ಈಗ ಕಾಗದಗಳು ಆ ಕಡೆಯಿಂದ ಈ ಕಡೆಗೆ ಬರುತ್ತಿದ್ದವು: ಗಿಡ ಎಲ್ಲಿ ಸಿಕ್ಕಿತು, ಯಾರ ಹಿತ್ತಿಲಿನ ಪಕ್ಕ, ಅಲ್ಲಿ ಹಿಂದೆ ಯಾವ ಗಣಿ ಇತ್ತು, ಕ್ವಿರ್ಕ್ ಅಥವಾ ಟೇರ್ ಮನೆತನದ ಯಾರು ಅಲ್ಲಿ ದುಡಿದಿದ್ದರು. ಹುಡುಕಲು ಹೋದಲ್ಲಿ ಒಬ್ಬರಿಗೊಬ್ಬರು ಸಿಕ್ಕು, ನೀವೂ ನಮ್ಮವರೇ ಎಂದು ಗುರುತಾದವರ ಹೆಸರುಗಳೂ ಇದ್ದವು. ಮುನ್ನೂರ ನಲವತ್ತರ ಪಟ್ಟಿ ಆರುನೂರು ಮೀರಿತ್ತು. ವೋರಿ ಹೊಸಬರಿಗೆಲ್ಲ ಊರಿನ ಸುದ್ದಿ ಬರೆದು, ಗೇಟು ಇನ್ನೂ ಕಿರುಗುಟ್ಟುತ್ತಿದೆ ಎಂದು ತಿಳಿಸಿ, ಕೊನೆಯಲ್ಲಿ ಎಲೆ ಮಗುಚಿ ನೋಡಲು ಮರೆಯಬೇಡಿ ಎಂದು ಸೇರಿಸುತ್ತಿದ್ದಳು. ಒಹಾಯೋದ ಮೇಲಿನ ಗುಂಡುಸೂಜಿ ಉಳಿದವಕ್ಕಿಂತ ದೊಡ್ಡದು, ತಲೆ ಕೆಂಪಗಿದ್ದದ್ದು.

ಮಧ್ಯಾಹ್ನ ಅವಳು ಮೀನಿನ ತಟ್ಟೆ ಹಿಡಿದು ಮೆಟ್ಟಿಲಿಗೆ ಬಂದಳು. ಬೇಲಿಯಾಚೆ ಪಿಂಚ್‌ಬೆಕ್ ಮಾಸ್ತರು ಈರುಳ್ಳಿ ಪಾತಿಯ ಪಕ್ಕದಲ್ಲಿ ಒಂದು ಸಾಲು ಬೊಲನ್ ಬೇನಿಗೆ ನೀರು ಹಾಕುತ್ತಿದ್ದರು, ಯಾರೂ ನೋಡುತ್ತಿಲ್ಲ ಎಂದುಕೊಂಡು.

"ಒಳಗೆ ಜಾಗ ಇಲ್ವಾ ಮಿಸ್ ಕಿನ್ವಿಗ್?" ಎಂದರು, ಸಿಕ್ಕಿಬಿದ್ದ ಮುಖದಲ್ಲಿ.

"ಎಲ್ಲಿಂದ ಬರ್ಬೇಕು ಜಾಗ?" ಎಂದಳು ವೋರಿ. "ನೆಂಟರು ಬಂದಿದಾರೆ."